ಸ್ಕಾಟ್ಲೆಂಡ್ ‘ನೋ’ ಅಂದಿತು: ಅಲ್ಲಿರುವ ಕನ್ನಡಿಗರೇ, ನೀವು ಕಂಡದ್ದು, ನಿಮಗನ್ನಿಸಿದ್ದು ಬರೆಯಿರಿ

ಕ್ಲೈಡ್ ದಂಡೆ
19 ಸೆಪ್ಟೆಂಬರ್ 2014, ಬೆಳಿಗ್ಗೆ 8:20

ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಿ ಸ್ವತಂತ್ರ ದೇಶವಾಗಬೇಕೆ ಅಂತ ನಿನ್ನೆ ನಡೆದ ಜನಮತಗಣನೆಯ ಫಲಿತಾಂಶ ಬಂತು. ನೋ 20,01,926. ಯೆಸ್ 16,17,989. ಶೇಕಡಾ ಲೆಕ್ಕದಲ್ಲಿ 55.3 ಮತ್ತು 44.7. ಮತ ಹಾಕಿದವರು ಶೇ 84.6. ಎಲ್ಲರಿಗೂ ಮತದ ಹಕ್ಕು ಬಂದ ಮೇಲೆ ಬ್ರಿಟನ್ನಿನ ಯಾವ ಮತದಾನದಲ್ಲೂ ಇಷ್ಟು ಜನ ಬಂದಿರಲಿಲ್ಲ.

ನಾನು ಗ್ಲಾಸ್ಗೋದಲ್ಲಿ ಇರುವವಳು. ಯೆಸ್‌ಗೆ ಮತ ಹಾಕಿದವಳು. ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದೆವು. ಮೇಲಿನ ಮಹಡಿಯ ಸ್ಕಾಟಿಷ್ ದಂಪತಿಯೂ ನಮ್ಮ ಮನೆಗೇ ಬಂದಿದ್ದರು. ಮೊದಲು ಬಂದದ್ದು ಕ್ಲ್ಯಾಕ್‌ಮ್ಯಾನನ್‌ಶೈರ್. ಚಿಕ್ಕ ಪ್ರದೇಶ. ಆದರೆ ಯೆಸ್ ಗೆಲ್ಲಬೇಕಾದರೆ ಅಂಥ ಕಡೆ ಗೆಲ್ಲಲೇಬೇಕಿತ್ತು. ಅಲ್ಲಿ ನೋಗೆ ಶೇ 53.8. ಡಂಡೀಯಲ್ಲಿ ಯೆಸ್‌ಗೆ 57 ದಾಟಿದಾಗ ಮತ್ತೆ ಆಸೆ ಚಿಗುರಿತು. ನಮ್ಮ ಗ್ಲಾಸ್ಗೋ 53.5 ಕೊಟ್ಟಿತು. ಆದರೆ ಇಲ್ಲಿ ಮತ ಹಾಕಿದವರು ಶೇ 75 ಮಾತ್ರ. ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳಲ್ಲಿ, ಅಂದರೆ ಸ್ಥಳೀಯ ಆಡಳಿತ ಪ್ರದೇಶಗಳಲ್ಲಿ, ನಮ್ಮದೇ ಕಡಿಮೆ. ಬೆಳಿಗ್ಗೆ ಆರರ ಹೊತ್ತಿಗೆ ಫೈಫ್ ಎಣಿಕೆ ಬಂದು ಎಲ್ಲ ಮುಗಿಯಿತು. ಯೆಸ್ ಗೆದ್ದದ್ದು ನಾಲ್ಕೇ ಕಡೆ: ಡಂಡೀ, ಗ್ಲಾಸ್ಗೋ, ವೆಸ್ಟ್ ಡನ್‌ಬಾರ್ಟನ್‌ಶೈರ್, ನಾರ್ತ್ ಲ್ಯಾನಾರ್ಕ್‌ಶೈರ್. ನಾಲ್ಕೂ ಪಶ್ಚಿಮದ ಹಳೇ ಕೈಗಾರಿಕೆ ಊರುಗಳು, ಡಂಡೀ ಒಂದು ಬಿಟ್ಟು. ಹಡಗುಕಟ್ಟೆ, ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ಕೆಲಸ ಸಿಗದೆ ಕೂತ ಮನೆಗಳು ಜಾಸ್ತಿ. ಡಂಡೀಯ ಕಥೆಯೂ ಹೆಚ್ಚುಕಡಿಮೆ ಅದೇ, ಅಲ್ಲಿ ಮುಚ್ಚಿದ್ದು ಸೆಣಬಿನ ಗಿರಣಿಗಳು.

ಮೇಲಿನ ಮನೆಯ ಹೆಂಗಸು ಏನೂ ಮಾತಾಡದೆ ಎದ್ದು ಕೆಲಸಕ್ಕೆ ಹೊರಟರು. ನನಗೆ ಬೇಸರವಿದೆ. ಸಿಟ್ಟಿಲ್ಲ. ಲಕ್ಷಗಟ್ಟಲೆ ಜನ ಒಂದು ದೇಶದ ಹಣೆಬರಹವನ್ನು ಪೆನ್ಸಿಲ್ಲಿನ ಒಂದು ಗೀಟಿನಿಂದ ತೀರ್ಮಾನಿಸಿದರು. ಒಂದು ಗುಂಡೂ ಹಾರಲಿಲ್ಲ.

ಅಬರ್ಡೀನ್, ಎಡಿನ್‌ಬರಾ, ಡಂಡೀಯಲ್ಲಿ ಇರುವವರು ನಿಮ್ಮ ಕಡೆ ಹೇಗಿದೆ ಬರೆಯಿರಿ. ನೋ ಹಾಕಿದವರೂ ಬರೆಯಿರಿ, ದಯವಿಟ್ಟು.


ಜಯನಗರದ ಓದುಗ
19 ಸೆಪ್ಟೆಂಬರ್, ಬೆಳಿಗ್ಗೆ 9:05

ಅಕ್ಕ, ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದೀರಿ ಅಂತ ಹಿಂದೆ ಒಮ್ಮೆ ಬರೆದಿದ್ದಿರಿ. ಇನ್ನೊಂದು ದೇಶ ಹುಟ್ಟಬೇಕೋ ಬೇಡವೋ ಅನ್ನುವುದಕ್ಕೆ ನಿಮಗೆ ಹೇಗೆ ಮತ ಸಿಕ್ಕಿತು?


ಕ್ಲೈಡ್ ದಂಡೆ
19 ಸೆಪ್ಟೆಂಬರ್, ಬೆಳಿಗ್ಗೆ 9:30

ಕಾಮನ್‌ವೆಲ್ತ್ ದೇಶದ ಪ್ರಜೆ, ಕಾನೂನುಬದ್ಧ ವೀಸಾ ಇದೆ, ಸ್ಕಾಟ್ಲೆಂಡಿನಲ್ಲಿ ಮನೆ ಇದೆ. ಇಷ್ಟಿದ್ದರೆ ಸಾಕು. ಐರೋಪ್ಯ ಒಕ್ಕೂಟದ ಪ್ರಜೆಗಳಿಗೂ ಹಕ್ಕಿತ್ತು. 16 ವರ್ಷ ತುಂಬಿದವರಿಗೂ ಈ ಸಲ ಕೊಟ್ಟರು. ಹುಟ್ಟು, ವಂಶ ಯಾವುದನ್ನೂ ಕೇಳಲಿಲ್ಲ. ಇಲ್ಲಿ ಬದುಕುತ್ತಿದ್ದೀರಾ ಅಂತ ಮಾತ್ರ ಕೇಳಿದರು.

ಇನ್ನೊಂದು ಮಗ್ಗುಲೂ ಇದೆ. ಲಂಡನ್ನಿನಲ್ಲಿ ನೆಲೆಸಿದ ಸ್ಕಾಟಿಷ್ ಜನರಿಗೆ ಮತವಿರಲಿಲ್ಲ. ಟೆನಿಸ್ ಆಡುವ ಆಂಡಿ ಮರ್ರಿ ಇಲ್ಲೇ ಡನ್‌ಬ್ಲೇನ್‌ನಲ್ಲಿ ಬೆಳೆದವರು. ಮನೆ ಇಂಗ್ಲೆಂಡಿನಲ್ಲಿ ಇರುವುದರಿಂದ ಅವರಿಗೂ ಇಲ್ಲ. ನಿನ್ನೆ ಬೆಳಿಗ್ಗೆ ಅವರು ಯೆಸ್ ಪರ ಒಂದು ಟ್ವೀಟ್ ಮಾಡಿದರು. ಅದಕ್ಕೆ ಬಂದ ಬೈಗುಳ ಓದಲಿಕ್ಕೆ ಆಗುವುದಿಲ್ಲ.


ಅಬರ್ಡೀನ್ ಬಂದರು
19 ಸೆಪ್ಟೆಂಬರ್, ಬೆಳಿಗ್ಗೆ 10:50

ಅಕ್ಕ ಕರೆದಿದ್ದಾರೆ, ಬರೆಯುತ್ತೇನೆ. ನಾನು ನೋ ಹಾಕಿದವನು. ಅಬರ್ಡೀನ್‌ನಲ್ಲಿ ನೋಗೆ ಶೇ 58.6 ಬಂದಿದೆ.

ಇಷ್ಟು ತಿಂಗಳು ಯೆಸ್ ಅನ್ನುವವರು ಕಿಟಕಿಗೆ ಸ್ಟಿಕರ್ ಅಂಟಿಸಿದರು, ಕೋಟಿಗೆ ಬ್ಯಾಡ್ಜ್ ಹಾಕಿದರು, ಬೀದಿಯಲ್ಲಿ ಮೇಜು ಹಾಕಿ ಮಾತಾಡಿದರು. ಅದರಲ್ಲಿ ಖುಷಿಯಿತ್ತು, ನಾನೂ ನೋಡಿದ್ದೇನೆ. ನೋ ಅನ್ನುವವರು ಸುಮ್ನೆ ಇದ್ದರು. ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಮಾತು ಈ ಕಡೆ ತಿರುಗಿದರೆ ಅರ್ಧ ಜನ ಫೋನ್ ನೋಡುತ್ತಿದ್ದರು. ಅದಕ್ಕೇ ಗ್ಲಾಸ್ಗೋದವರಿಗೆ ಇವತ್ತು ಈ 20 ಲಕ್ಷ ಮತ ಎಲ್ಲಿಂದ ಬಂತು ಅನ್ನಿಸುತ್ತಿರಬಹುದು. ನಾವು ಇಲ್ಲೇ ಇದ್ದೆವು.

ನನ್ನ ಕಾರಣ ಒಂದೇ, ದುಡ್ಡು. ನನ್ನ ದುಡ್ಡಲ್ಲ, ದೇಶದ ದುಡ್ಡು. ಸ್ವತಂತ್ರ ಸ್ಕಾಟ್ಲೆಂಡ್ ಯಾವ ನೋಟು ಬಳಸುತ್ತದೆ? ಪೌಂಡನ್ನೇ ಹಂಚಿಕೊಳ್ಳುತ್ತೇವೆ ಅಂದರು ಯೆಸ್ ಬಣದ ನಾಯಕ, ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಲ್ಮಂಡ್. ಹಂಚಿಕೊಳ್ಳುವುದಿಲ್ಲ ಅಂತ ಫೆಬ್ರವರಿಯಲ್ಲೇ ಬ್ರಿಟನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಹೇಳಿದರು. ಲೇಬರ್, ಲಿಬರಲ್ ಡೆಮಾಕ್ರಾಟ್ ಪಕ್ಷದವರೂ ಅದನ್ನೇ ಹೇಳಿದರು. ಆಗಸ್ಟಿನ ಮೊದಲ ಟಿವಿ ಚರ್ಚೆಯಲ್ಲಿ ನೋ ಬಣದ ನಾಯಕ ಅಲಿಸ್ಟರ್ ಡಾರ್ಲಿಂಗ್ ಮತ್ತೆ ಮತ್ತೆ ಕೇಳಿದರು: ಅದು ಆಗದಿದ್ದರೆ ಮುಂದೇನು? ನೇರ ಉತ್ತರ ಬರಲಿಲ್ಲ. 2008ರಲ್ಲಿ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಮುಳುಗುವಾಗ ಎತ್ತಿದ್ದು ಲಂಡನ್ನಿನ ಖಜಾನೆ. ಬ್ಯಾಂಕು ದೊಡ್ಡದು, ದೇಶ ಚಿಕ್ಕದು ಆದಾಗ ಎತ್ತುವವರು ಯಾರು?

ಇನ್ನು ಎಣ್ಣೆ, ಅಂದರೆ ಇಲ್ಲಿನ ಸಮುದ್ರದಲ್ಲಿ ಸಿಗುವ ಕಚ್ಚಾತೈಲ. ನಾನು ಅದರಲ್ಲೇ ಕೆಲಸ ಮಾಡುವವನು. ಸ್ಕಾಟಿಷ್ ಸರ್ಕಾರದ ಶ್ವೇತಪತ್ರ ಬ್ಯಾರೆಲ್‌ಗೆ 110 ಡಾಲರ್ ಆಸುಪಾಸು ಅಂತ ಹಿಡಿದುಕೊಂಡು ಲೆಕ್ಕ ಹಾಕಿದೆ. ಸಮುದ್ರದ ಪ್ಲಾಟ್‌ಫಾರಂ ಮೇಲೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಆ ಬೆಲೆ ನಿಲ್ಲುತ್ತದೆ ಅಂತ ಯಾರೂ ಹೇಳುವುದಿಲ್ಲ.

ನಾನು ಸ್ಕಾಟ್ಲೆಂಡನ್ನು ಪ್ರೀತಿಸುವುದಿಲ್ಲ ಅಂತಲ್ಲ. ನನ್ನ ಮಕ್ಕಳು ಅಬರ್ಡೀನ್ ಮಾತನ್ನೇ ಆಡುತ್ತಾರೆ. ನೋ ಹಾಕಿದವರೆಲ್ಲ ಹೆದರಿದವರು ಅನ್ನುವ ಮಾತು ಬೆಳಿಗ್ಗೆಯಿಂದ ಫೇಸ್‌ಬುಕ್ಕಿನಲ್ಲಿ ಓಡಾಡುತ್ತಿದೆ. ಅದು ನೋಯಿಸುತ್ತದೆ.


ಎಡಿನ್‌ಬರಾ ವಿದ್ಯಾರ್ಥಿ
19 ಸೆಪ್ಟೆಂಬರ್, ಮಧ್ಯಾಹ್ನ 12:15

ಎಡಿನ್‌ಬರಾದಲ್ಲಿ ನೋಗೆ 61. ಬ್ಯಾಂಕು, ವಿಮೆ, ವಿಶ್ವವಿದ್ಯಾಲಯದ ಊರು, ಇದು ಗೊತ್ತಿದ್ದದ್ದೇ. ಆದರೂ ನಮ್ಮ ಲ್ಯಾಬಿನಲ್ಲಿ ಇವತ್ತು ಯಾರೂ ಖುಷಿಯಾಗಿಲ್ಲ. ಗೆದ್ದವರೂ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಾರೆ. ಪಕ್ಕದಲ್ಲಿ ಕೂರುವ ಸ್ಕಾಟಿಷ್ ಹುಡುಗ ಅತ್ತು ಬಂದಿದ್ದಾನೆ ಅಂತ ಮುಖ ನೋಡಿದರೆ ಗೊತ್ತಾಗುತ್ತದೆ. ಅವನಿಗೆ ಟೀ ಮಾಡಿಕೊಟ್ಟದ್ದು ನೋ ಹಾಕಿದ ಹುಡುಗಿ.

ಅಬರ್ಡೀನ್ ಸರ್, ನಿಮ್ಮ ಕಾರಣ ನನಗೆ ಒಪ್ಪಿಗೆ. ಆದರೆ ನೋ ಬಣದ ಪ್ರಚಾರ ಬರೀ ಹೆದರಿಸುವುದರಲ್ಲೇ ಇತ್ತು. ಪಿಂಚಣಿ ಹೋಗುತ್ತದೆ, ಅಂಗಡಿ ಸಾಮಾನಿನ ಬೆಲೆ ಏರುತ್ತದೆ, ಐರೋಪ್ಯ ಒಕ್ಕೂಟದಿಂದ ಹೊರಬೀಳುತ್ತೀರಿ. ಒಟ್ಟಿಗೆ ಇದ್ದರೆ ಏನು ಚೆಂದ ಅಂತ ಕೊನೆಯ ದಿನದವರೆಗೂ ಯಾರೂ ಹೇಳಲಿಲ್ಲ. ಬುಧವಾರ ಗ್ಲಾಸ್ಗೋದ ಮೇರಿಹಿಲ್‌ನಲ್ಲಿ ಮಾಜಿ ಪ್ರಧಾನಿ ಗಾರ್ಡನ್ ಬ್ರೌನ್ ಮಾತಾಡಿದರು. ಎರಡೂ ಮಹಾಯುದ್ಧದಲ್ಲಿ ಒಟ್ಟಿಗೆ ಹೋರಾಡಿದವರು, ಒಟ್ಟಿಗೆ ಆರೋಗ್ಯ ಸೇವೆ ಕಟ್ಟಿದವರು ಅಂತ ಅವರು ಹೇಳುವಾಗ ಮೊದಲ ಸಲ ನೋ ಬಣದ ಬಾಯಲ್ಲಿ ಜೀವವಿರುವ ಮಾತು ಕೇಳಿದೆ.


ಕ್ಲೈಡ್ ದಂಡೆ
19 ಸೆಪ್ಟೆಂಬರ್, ಮಧ್ಯಾಹ್ನ 1:00

ಅಬರ್ಡೀನ್ ಸರ್, ಬರೆದದ್ದಕ್ಕೆ ಥ್ಯಾಂಕ್ಸ್. ನಿಮ್ಮನ್ನು ಹೆದರಿದವರು ಅಂತ ನಾನು ಯಾವತ್ತೂ ಅನ್ನುವುದಿಲ್ಲ.

ಆದರೆ ಒಂದು ವಿಷಯ ಕೇಳಿ. ಮತದಾನಕ್ಕೆ ಹನ್ನೊಂದೇ ದಿನ ಇದ್ದಾಗ ಒಂದು ಸಮೀಕ್ಷೆಯಲ್ಲಿ ಯೆಸ್ 51, ನೋ 49 ಬಂತು. ಆಮೇಲೆ ಲಂಡನ್ನಿನಿಂದ ಮೂರೂ ಪಕ್ಷದ ನಾಯಕರು ಓಡಿ ಬಂದರು. ಮಂಗಳವಾರ ‘ಡೈಲಿ ರೆಕಾರ್ಡ್’ ಪತ್ರಿಕೆಯ ಮುಖಪುಟದಲ್ಲಿ ಪ್ರಧಾನಿ ಕ್ಯಾಮರೂನ್, ಲೇಬರ್‌ನ ಮಿಲಿಬ್ಯಾಂಡ್, ಲಿಬರಲ್ ಡೆಮಾಕ್ರಾಟ್‌ನ ಕ್ಲೆಗ್ ಮೂವರ ಸಹಿಯ ವಾಗ್ದಾನ ಬಂತು. ನೋ ಅನ್ನಿ, ನಿಮ್ಮ ಸಂಸತ್ತಿಗೆ ಇನ್ನಷ್ಟು ಅಧಿಕಾರ ಕೊಡುತ್ತೇವೆ ಅಂತ. ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಮಧ್ಯದ ದಾರಿ, ಅಂದರೆ ಒಳಗೇ ಇದ್ದು ಜಾಸ್ತಿ ಅಧಿಕಾರ ಪಡೆಯುವ ಆಯ್ಕೆ, ಮತಪತ್ರದಲ್ಲಿ ಬೇಡವೇ ಬೇಡ ಅಂತ ಪಟ್ಟು ಹಿಡಿದದ್ದು ಕ್ಯಾಮರೂನ್. ಕೊನೇ ವಾರದಲ್ಲಿ ಅದನ್ನೇ ನೋ ಜೊತೆ ಸೇರಿಸಿಬಿಟ್ಟರು.

ಹಾಗಾದರೆ 20 ಲಕ್ಷ ಜನ ನೋ ಅಂದದ್ದು ಯಾವುದಕ್ಕೆ? ಇದ್ದ ಹಾಗೇ ಇರಲಿ ಅಂತಲೋ, ಹೊಸ ಅಧಿಕಾರ ಕೊಡಿ ಅಂತಲೋ, ನಿಮ್ಮ ಹಾಗೆ ಪೌಂಡಿನ ಲೆಕ್ಕ ಕೂಡಲಿಲ್ಲ ಅಂತಲೋ? ಎಣಿಕೆಯಲ್ಲಿ ಎಲ್ಲವೂ ಒಂದೇ ಕಟ್ಟು. ನನಗೆ ಕಾಡುವುದು ಇದು. ಉತ್ತರ ಸ್ಪಷ್ಟವಾಗಿದೆ, ಕಾರಣ ಸ್ಪಷ್ಟವಾಗಿಲ್ಲ. ಇನ್ನು ಪ್ರತಿಯೊಬ್ಬ ರಾಜಕಾರಣಿಯೂ ಆ ನೋಗೆ ತನ್ನದೇ ಅರ್ಥ ಹಚ್ಚುತ್ತಾನೆ.

ಅದು ಬೆಳಿಗ್ಗೆಯೇ ಶುರುವಾಗಿದೆ ನೋಡಿ. ಏಳು ಗಂಟೆಗೆ ಕ್ಯಾಮರೂನ್ ಮನೆ ಮುಂದೆ ನಿಂತು ಮಾತಾಡಿದರು. ಸ್ಕಾಟ್ಲೆಂಡಿಗೆ ಅಧಿಕಾರ ಕೊಡುವುದರ ಜೊತೆಜೊತೆಗೇ ಇಂಗ್ಲೆಂಡಿನ ಕಾನೂನಿಗೆ ಇಂಗ್ಲೆಂಡಿನ ಸಂಸದರು ಮಾತ್ರ ಮತ ಹಾಕುವ ವಿಷಯವೂ ತೀರ್ಮಾನವಾಗಬೇಕಂತೆ. ನಿನ್ನೆ ರಾತ್ರಿಯವರೆಗೆ ಈ ಷರತ್ತು ಎಲ್ಲಿತ್ತು?


ಡಂಡೀ ಸಂಶೋಧಕ
19 ಸೆಪ್ಟೆಂಬರ್, ಸಂಜೆ 5:10

ಸಾಲ್ಮಂಡ್ ರಾಜೀನಾಮೆ ಘೋಷಿಸಿದರು, ಈಗಷ್ಟೇ. ನಾಯಕನಾಗಿ ತನ್ನ ಕಾಲ ಮುಗಿಯಿತು, ಕನಸು ಸಾಯುವುದಿಲ್ಲ ಅಂದರು. ಅವರ ಜಾಗಕ್ಕೆ ಉಪನಾಯಕಿ ನಿಕೋಲಾ ಸ್ಟರ್ಜನ್ ಬರುತ್ತಾರೆ ಅಂತ ಎಲ್ಲರ ಬಾಯಲ್ಲೂ.


ಹುಬ್ಬಳ್ಳಿ ಎಕ್ಸ್‌ಪ್ರೆಸ್
19 ಸೆಪ್ಟೆಂಬರ್, ಸಂಜೆ 6:40

ಎಲ್ಲ ಸರಿ, ಆದರೆ ಮತ ಎಣಿಕೆಯಲ್ಲಿ ಮೋಸ ಆಗಿದೆ ಅಂತ ವಿಡಿಯೋ ಓಡಾಡುತ್ತಿದೆ. ಯೆಸ್ ಗುರುತಿನ ಮತಪತ್ರದ ಕಟ್ಟು ನೋ ಮೇಜಿನ ಮೇಲೆ ಇದೆ. ಇದಕ್ಕೆ ಏನಂತೀರಿ?


ಡಂಡೀ ಸಂಶೋಧಕ
19 ಸೆಪ್ಟೆಂಬರ್, ರಾತ್ರಿ 7:25

ಅದು ನಮ್ಮ ಡಂಡೀಯ ವಿಡಿಯೋನೇ. ಮೊದಲು ಮತಪತ್ರಗಳನ್ನು ಒಟ್ಟು ಎಷ್ಟಿವೆ ಅಂತ ಎಣಿಸಿ ಕಟ್ಟು ಕಟ್ಟುತ್ತಾರೆ. ಯೆಸ್, ನೋ ಅಂತ ಬೇರೆ ಮಾಡುವುದು ಆಮೇಲೆ. ವಿಡಿಯೋದಲ್ಲಿ ಇರುವುದು ಇನ್ನೂ ಬೇರೆ ಮಾಡದ ಕಟ್ಟು. ಖಾಲಿ ಇದ್ದ ಮೇಜಿನ ಮೇಲೆ ಇಟ್ಟಿದ್ದಾರೆ, ಅಷ್ಟೇ. ಎರಡೂ ಕಡೆಯ ಏಜೆಂಟರು ಮೇಜಿನ ಆಚೆ ನಿಂತು ನೋಡುತ್ತಲೇ ಇದ್ದರು. ಅದೂ ಅಲ್ಲದೆ ಡಂಡೀಯಲ್ಲಿ ಯೆಸ್ ಗೆದ್ದಿದೆ, ಶೇಕಡಾ ಲೆಕ್ಕದಲ್ಲಿ ಯೆಸ್‌ಗೆ ಇಡೀ ಸ್ಕಾಟ್ಲೆಂಡಿನಲ್ಲೇ ಅತಿ ಹೆಚ್ಚು ಮತ ಬಂದದ್ದು ಇಲ್ಲೇ.

ನಾನೂ ಯೆಸ್ ಹಾಕಿದವನು. ಸೋಲು ನುಂಗುವುದು ಕಷ್ಟ. ಆದರೆ 3,83,937 ಮತದ ಅಂತರವನ್ನು ಒಂದು ಮೊಬೈಲ್ ವಿಡಿಯೋ ಅಳಿಸುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಎಣಿಸಿದ ಕೌನ್ಸಿಲ್ ನೌಕರರ ಮೇಲೆ ಈ ಆರೋಪ ಹೊರಿಸುವುದು ಅನ್ಯಾಯ. ದಯವಿಟ್ಟು ಅದನ್ನು ಫಾರ್ವರ್ಡ್ ಮಾಡಬೇಡಿ.


ಮಾಂಟ್ರಿಯಲ್ ತಾತ
20 ಸೆಪ್ಟೆಂಬರ್, ನಸುಕಿನ 2:15

ಮಕ್ಕಳೇ, ನಿಮ್ಮ ಮಾತು ಓದುತ್ತಾ ನನಗೆ 1995ರ ಅಕ್ಟೋಬರ್ 30 ನೆನಪಾಗುತ್ತಿದೆ. ಕ್ವಿಬೆಕ್ ಕೆನಡಾದಿಂದ ಬೇರೆಯಾಗಬೇಕೆ ಅಂತ ಇಲ್ಲಿ ಮತ ಹಾಕಿದ ದಿನ. ನಾನು ಆಗಲೇ ಕೆನಡಾ ಪ್ರಜೆ. ಇಲ್ಲಿ ಪೌರತ್ವ ಇಲ್ಲದೆ ಮತ ಇರಲಿಲ್ಲ.

ನಿಮ್ಮಲ್ಲಿ ಶೇ 10ರ ಅಂತರ. ನಮ್ಮಲ್ಲಿ ನೋ 50.58, ಯೆಸ್ 49.42. ಸುಮಾರು 54 ಸಾವಿರ ಮತಗಳ ವ್ಯತ್ಯಾಸ. ತಿರಸ್ಕೃತವಾದ ಮತಪತ್ರಗಳೇ 86 ಸಾವಿರಕ್ಕಿಂತ ಜಾಸ್ತಿ ಇದ್ದವು. ಮತ ಹಾಕಿದವರು ಶೇ 93ಕ್ಕೂ ಹೆಚ್ಚು. ಆ ರಾತ್ರಿ ಪ್ರೀಮಿಯರ್ ಜಾಕ್ ಪಾರಿಜೋ ವೇದಿಕೆ ಹತ್ತಿ, ನಮ್ಮನ್ನು ಸೋಲಿಸಿದ್ದು ದುಡ್ಡು ಮತ್ತು ಜನಾಂಗೀಯ ಮತಗಳು ಅಂದುಬಿಟ್ಟರು. ಜನಾಂಗೀಯ ಮತ ಅಂದರೆ ನಾವು. ಇಟಲಿಯಿಂದ, ಗ್ರೀಸಿನಿಂದ, ಹೈಟಿಯಿಂದ, ಭಾರತದಿಂದ ಬಂದವರು. ಟಿವಿಯಲ್ಲಿ ಆ ಮಾತು ಕೇಳಿದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮರುದಿನ ಬಸ್ಸಿನಲ್ಲಿ ಕೂತಾಗ ಎದುರಿಗಿದ್ದವರು ನನ್ನನ್ನು ಎಣಿಸುತ್ತಿದ್ದಾರೆ ಅನ್ನಿಸಿತು. ಪಾರಿಜೋ ಮರುದಿನವೇ ರಾಜೀನಾಮೆ ಘೋಷಿಸಿದರು, ಅವರ ಪಕ್ಷದವರೇ ಆ ಮಾತಿಗೆ ತಲೆ ತಗ್ಗಿಸಿದರು. ಆದರೆ ಆಡಿದ ಮಾತು ಆಡಿದ್ದೇ.

ಸಾಲ್ಮಂಡ್ ಅವರ ಸೋಲಿನ ಭಾಷಣ ನಾನು ಎರಡು ಸಲ ಕೇಳಿದೆ. ಇಂಗ್ಲೆಂಡಿನಿಂದ ಬಂದವರು ಸೋಲಿಸಿದರು, ವಲಸಿಗರು ಸೋಲಿಸಿದರು ಅನ್ನುವ ಒಂದು ಮಾತಿಲ್ಲ. ಜನರ ತೀರ್ಪು ಒಪ್ಪುತ್ತೇನೆ, ನೀವೂ ಒಪ್ಪಿ ಅಂದರು. ತಂಗೀ, ಗ್ಲಾಸ್ಗೋದಲ್ಲಿ ನೀನು ಇವತ್ತು ಹಾಲು ತರಲು ಅಂಗಡಿಗೆ ಹೋಗುವಾಗ ಯಾರೂ ನಿನ್ನನ್ನು ಅನುಮಾನದಿಂದ ನೋಡುವುದಿಲ್ಲ. ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು.


ಕ್ಲೈಡ್ ದಂಡೆ
20 ಸೆಪ್ಟೆಂಬರ್, ಬೆಳಿಗ್ಗೆ 10:00

ತಾತ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೆ ನಿನ್ನೆ ಸಂಜೆ ನಮ್ಮ ಊರಲ್ಲಿ ಆದದ್ದನ್ನೂ ಬರೆಯಬೇಕು.

ಜಾರ್ಜ್ ಸ್ಕ್ವೇರ್ ಅಂದರೆ ನಗರಸಭೆಯ ಮುಂದಿನ ದೊಡ್ಡ ಚೌಕ. ಕೊನೆಯ ವಾರಗಳಲ್ಲಿ ಯೆಸ್ ಕಡೆಯವರು ಅಲ್ಲಿ ಸೇರಿ ಹಾಡುತ್ತಿದ್ದರು, ಮಕ್ಕಳನ್ನೂ ಕರೆದುಕೊಂಡು ಬರುತ್ತಿದ್ದರು. ನಿನ್ನೆ ಸಂಜೆಯೂ ಕೆಲವರು ಹೋಗಿ ಸುಮ್ನೆ ಕೂತಿದ್ದರು. ಆಗ ಬ್ರಿಟಿಷ್ ಬಾವುಟ ಹಿಡಿದ ಒಂದು ಗುಂಪು ನುಗ್ಗಿತು. ಪಟಾಕಿಯ ಹೊಗೆ, ಬೈಗುಳ, ತಳ್ಳಾಟ. ಪೊಲೀಸರು, ಕುದುರೆ ಮೇಲಿನ ಪೊಲೀಸರೂ ಬಂದು ಮಧ್ಯೆ ಸಾಲುಗಟ್ಟಿ ನಿಲ್ಲಬೇಕಾಯಿತು. ಬಂಧನಗಳೂ ಆಗಿವೆ. ನಾನು ಕ್ವೀನ್ ಸ್ಟ್ರೀಟ್ ಸ್ಟೇಷನ್ನಿನಿಂದ ಹೊರಗೆ ಬರುವಾಗ ಇದನ್ನು ಕಂಡು ಹಾಗೇ ಒಳಗೆ ಹೋದೆ. ಅಷ್ಟು ಭಯ ನನಗೆ ಗ್ಲಾಸ್ಗೋದಲ್ಲಿ ಯಾವತ್ತೂ ಆಗಿರಲಿಲ್ಲ.

ಅಬರ್ಡೀನ್ ಸರ್, ಇದನ್ನು ನಿಮ್ಮ ಲೆಕ್ಕಕ್ಕೆ ಬರೆಯುತ್ತಿಲ್ಲ. ಇವರು ನೋ ಮತದಾರರ ಪ್ರತಿನಿಧಿಗಳಲ್ಲ.


ಅಬರ್ಡೀನ್ ಬಂದರು
20 ಸೆಪ್ಟೆಂಬರ್, ಬೆಳಿಗ್ಗೆ 10:35

ಖಂಡಿತ ಅಲ್ಲ. ನನಗೂ ನಾಚಿಕೆ ಆಯಿತು. ಗೆದ್ದವರಿಗೆ ಒಂದು ಕರ್ತವ್ಯ ಇರುತ್ತದೆ, ಆ ದಿನ ಬಾಯಿ ಮುಚ್ಚಿಕೊಂಡು ಇರುವುದು.


ಕಾರವಾರದ ಕಡಲು
20 ಸೆಪ್ಟೆಂಬರ್, ಮಧ್ಯಾಹ್ನ 3:20

ನಮ್ಮ ಮನೆಯ ಅರ್ಧ ನೆಂಟರು ಗೋವಾದವರು. ಅಲ್ಲಿ 1967ರ ಜನವರಿ 16ರಂದು ಇಂಥದ್ದೇ ಮತ ನಡೆದಿತ್ತು. ಸ್ವಾತಂತ್ರ್ಯದ ಪ್ರಶ್ನೆ ಅಲ್ಲ, ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತದಲ್ಲೇ ಇರಬೇಕೋ ಅಂತ. ಸೇರಲಿ ಅನ್ನುವವರಿಗೆ ಹೂವಿನ ಗುರುತು, ಬೇಡ ಅನ್ನುವವರಿಗೆ ಎರಡು ಎಲೆ. ಎರಡು ಎಲೆಗೆ 1,72,191, ಹೂವಿಗೆ 1,38,170. ಶೇಕಡಾ ಲೆಕ್ಕ ನೋಡಿದರೆ ಸ್ಕಾಟ್ಲೆಂಡಿಗೆ ಹತ್ತಿರವೇ ಇದೆ.

ನಾನು ಹೇಳಹೊರಟದ್ದು ಆಮೇಲಿನದು. ವಿಲೀನ ಬೇಕು ಅಂತ ಹೋರಾಡಿ ಸೋತ ದಯಾನಂದ ಬಾಂದೋಡ್ಕರ್ ಅವರ ಪಕ್ಷವನ್ನೇ ಗೋವಾ ಜನ ಅದೇ ವರ್ಷದ ಚುನಾವಣೆಯಲ್ಲಿ ಗೆಲ್ಲಿಸಿದರು. ಅವರೇ ಮತ್ತೆ ಮುಖ್ಯಮಂತ್ರಿ. ಪ್ರಶ್ನೆಗೆ ಬೇಡ ಅಂದ ಜನ ಪ್ರಶ್ನೆ ಕೇಳಿದವರನ್ನು ಬೇಡ ಅಂದಿರಲಿಲ್ಲ. ಸಾಲ್ಮಂಡ್ ಪಕ್ಷದ ಕಥೆ ಮುಗಿಯಿತು ಅಂತ ನಿನ್ನೆಯಿಂದ ಬರೆಯುತ್ತಿರುವವರು ಇದನ್ನು ಗಮನಿಸಿ. ಗೋವಾಕ್ಕೆ ರಾಜ್ಯದ ಸ್ಥಾನ ಸಿಗಲು 1987 ಬರಬೇಕಾಯಿತು ಅನ್ನುವುದು ಬೇರೆ ಮಾತು.


ನಿರ್ವಾಹಕರು
20 ಸೆಪ್ಟೆಂಬರ್, ಸಂಜೆ 6:00

ಕಾಶ್ಮೀರ, ಪ್ರತ್ಯೇಕ ರಾಜ್ಯ ಅಂತ ಹಿಡಿದುಕೊಂಡು ಪರಸ್ಪರ ಬೈದಾಡಿದ ಕೆಲವು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಅದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಸ್ಕಾಟ್ಲೆಂಡಿನ ಮಾತು ಮುಂದುವರಿಯಲಿ.


ಎಡಿನ್‌ಬರಾ ವಿದ್ಯಾರ್ಥಿ
22 ಸೆಪ್ಟೆಂಬರ್, ಬೆಳಿಗ್ಗೆ 9:45

ನಿನ್ನೆ ಭಾನುವಾರ ಇಲ್ಲಿನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಎರಡೂ ಬಣದವರಿಗಾಗಿ ಒಂದು ಪ್ರಾರ್ಥನಾ ಸಭೆ ನಡೆಯಿತು. ನೋ ಬಣದ ಡಾರ್ಲಿಂಗ್, ಯೆಸ್ ಬಣದ ಜಾನ್ ಸ್ವಿನ್ನಿ ಇಬ್ಬರೂ ಬಂದಿದ್ದರು. ಜಾರ್ಜ್ ಸ್ಕ್ವೇರಿಗೆ ಜನ ಬಡವರಿಗೆ ಹಂಚಲು ಊಟದ ಸಾಮಾನು ತಂದು ರಾಶಿ ಹಾಕಿದ್ದಾರೆ ಅಂತಲೂ ಓದಿದೆ.

16–17ರ ಮಕ್ಕಳಲ್ಲಿ ಶೇ 71 ಯೆಸ್ ಅಂತ ಎಲ್ಲರೂ ಹಂಚಿಕೊಳ್ಳುತ್ತಿದ್ದಾರೆ. ಮುದುಕರು ಮಕ್ಕಳ ಭವಿಷ್ಯ ಕಸಿದರು ಅಂತ ಅದಕ್ಕೆ ಸೇರಿಸುತ್ತಾರೆ. ಆ ಸಮೀಕ್ಷೆಯಲ್ಲಿ ಆ ವಯಸ್ಸಿನವರು ಇದ್ದದ್ದು 14 ಜನ ಮಾತ್ರ. 14 ಮಕ್ಕಳನ್ನು ಕೇಳಿ ಇಡೀ ಪೀಳಿಗೆಯ ಮಾತು ಹೇಳಲಿಕ್ಕೆ ಆಗುವುದಿಲ್ಲ. 65 ದಾಟಿದವರು ಹೆಚ್ಚಾಗಿ ನೋ ಹಾಕಿದ್ದಾರೆ, ಅದು ನಿಜ. ಆದರೆ ಅವರನ್ನು ದೂರುವುದು ಸರಿಯಲ್ಲ. ಪಿಂಚಣಿ ನಂಬಿ ಬದುಕುವವರು ಪಿಂಚಣಿಯ ಬಗ್ಗೆ ಯೋಚಿಸಬಾರದೇ?


ಡಂಡೀ ಸಂಶೋಧಕ
23 ಸೆಪ್ಟೆಂಬರ್, ರಾತ್ರಿ 9:00

ಒಂದು ವಿಚಿತ್ರ ನಡೆಯುತ್ತಿದೆ. ಸೋತ ಪಕ್ಷಕ್ಕೆ ಜನ ಸಾಲುಗಟ್ಟಿ ಸೇರುತ್ತಿದ್ದಾರೆ. ಎಸ್‌ಎನ್‌ಪಿಯಲ್ಲಿ, ಅಂದರೆ ಸಾಲ್ಮಂಡ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯಲ್ಲಿ, ಮತದಾನದ ದಿನ ಸುಮಾರು 25 ಸಾವಿರ ಸದಸ್ಯರಿದ್ದರು. ಒಂದು ವಾರವೂ ಆಗಿಲ್ಲ, ಸುಮಾರು ಎರಡು ಪಟ್ಟಾಗಿದೆ. ಗ್ರೀನ್ ಪಕ್ಷಕ್ಕೂ ಹಾಗೇ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಯಾವತ್ತೂ ರಾಜಕೀಯ ಮಾತಾಡದ ಇಬ್ಬರು ಸೇರಿದ್ದಾರೆ. ‘45’ ಅಂತ ಬರೆದ ಬ್ಯಾಡ್ಜ್ ಹಾಕಿಕೊಂಡು ಓಡಾಡುತ್ತಾರೆ. ನನಗೆ ಆ ಬ್ಯಾಡ್ಜ್ ಇಷ್ಟವಿಲ್ಲ. 45 ಅಂತ ಬೇಲಿ ಹಾಕಿಕೊಂಡರೆ ಆಚೆಗಿರುವ 55 ಯಾವತ್ತೂ ಈಚೆ ಬರುವುದಿಲ್ಲ.


ಕಾರವಾರದ ಕಡಲು
9 ಮೇ 2015, ಬೆಳಿಗ್ಗೆ 7:30

ಹಳೇ ಎಳೆ ಎತ್ತುತ್ತಿದ್ದೇನೆ. ಬ್ರಿಟನ್ ಚುನಾವಣೆಯಲ್ಲಿ ಸ್ಕಾಟ್ಲೆಂಡಿನ 59 ಸೀಟಿನಲ್ಲಿ 56 ಎಸ್‌ಎನ್‌ಪಿಗೆ! ಲೇಬರ್‌ಗೆ ಒಂದೇ ಒಂದು. ಗೋವಾ ನೆನಪಾಯಿತು, ಅಷ್ಟೇ.


ಕ್ಲೈಡ್ ದಂಡೆ
9 ಮೇ 2015, ಬೆಳಿಗ್ಗೆ 11:15

ಗ್ಲಾಸ್ಗೋದ ಏಳಕ್ಕೆ ಏಳೂ ಸೀಟು. ಪಕ್ಕದ ಪೇಸ್ಲೀಯಲ್ಲಿ ಇಪ್ಪತ್ತು ವರ್ಷದ ಮೇರಿ ಬ್ಲ್ಯಾಕ್ ಲೇಬರ್ ಪಕ್ಷದ ದೊಡ್ಡ ನಾಯಕರೊಬ್ಬರನ್ನು ಸೋಲಿಸಿದ್ದಾಳೆ. ನಮ್ಮ ಬೀದಿಯಲ್ಲಿ ತಲೆಮಾರುಗಳಿಂದ ಲೇಬರ್ ಹಾಕುತ್ತಿದ್ದ ಮನೆಗಳೂ ಬದಲಾಗಿವೆ. ಕಾರಣ ಕೇಳಿದರೆ, ಜನಮತಗಣನೆಯಲ್ಲಿ ಲೇಬರ್‌ನವರು ಟೋರಿಗಳ, ಅಂದರೆ ಕ್ಯಾಮರೂನ್ ಅವರ ಕನ್ಸರ್ವೇಟಿವ್ ಪಕ್ಷದವರ, ಜೊತೆ ಒಂದೇ ವೇದಿಕೆಯಲ್ಲಿ ನಿಂತರಲ್ಲ ಅನ್ನುತ್ತಾರೆ. ಅದನ್ನು ಇಲ್ಲಿನವರು ಕ್ಷಮಿಸಿಲ್ಲ.

ವಾಗ್ದಾನದ ವಿಷಯ ಹೇಳಬೇಕೆಂದರೆ, ಲಾರ್ಡ್ ಸ್ಮಿತ್ ಆಯೋಗ ನವೆಂಬರಿನಲ್ಲೇ ವರದಿ ಕೊಟ್ಟಿದೆ. ಆದಾಯ ತೆರಿಗೆಯ ದರ ತೀರ್ಮಾನಿಸುವ ಅಧಿಕಾರ ಎಡಿನ್‌ಬರಾಕ್ಕೆ ಬರುತ್ತದಂತೆ. ಸಣ್ಣದಲ್ಲ, ಒಪ್ಪುತ್ತೇನೆ.


ಅಬರ್ಡೀನ್ ಬಂದರು
25 ಜೂನ್ 2016, ಬೆಳಿಗ್ಗೆ 6:50

ನಿನ್ನೆ ಬಂದ ಫಲಿತಾಂಶ ನೋಡಿದ ಮೇಲೆ ಈ ಎಳೆಯನ್ನು ಮೊದಲಿಂದ ಓದಿದೆ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಗೆ. ಸ್ಕಾಟ್ಲೆಂಡಿನಲ್ಲಿ ಶೇ 62 ಜನ ಒಳಗೇ ಇರೋಣ ಅಂದರು. 32 ಕೌನ್ಸಿಲ್‌ಗಳಲ್ಲಿ 32ರಲ್ಲೂ ಅದೇ ಗೆದ್ದಿತು. ಆದರೂ ಹೊರಗೆ.

2014ರಲ್ಲಿ ನಮ್ಮ ಮನೆಗೆ ಬಂದ ಕರಪತ್ರದಲ್ಲಿ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕಾದರೆ ನೋ ಅನ್ನಿ ಅಂತ. ನಾನು ನೋ ಹಾಕಿದ್ದು ಅದಕ್ಕಲ್ಲ, ಪೌಂಡಿಗಾಗಿ. ಆ ಕಾರಣ ಇವತ್ತಿಗೂ ಹಾಗೇ ಇದೆ. ಎಣ್ಣೆಯ ಮಾತಂತೂ ಕೇಳಲೇಬೇಡಿ. ಈ ವರ್ಷದ ಜನವರಿಯಲ್ಲಿ ಬ್ಯಾರೆಲ್ 30 ಡಾಲರ್ ಕೆಳಗೂ ಹೋಗಿ ಬಂತು. ಅಬರ್ಡೀನ್‌ನಲ್ಲಿ ಕೆಲಸ ಕಳೆದುಕೊಂಡವರ ಮನೆ ಮುಂದೆ ‘ಮಾರಾಟಕ್ಕಿದೆ’ ಬೋರ್ಡ್ ಸಾಲಾಗಿ ನಿಂತಿವೆ. ಸ್ವತಂತ್ರ ದೇಶವಾಗಿದ್ದರೆ ಈ ಎರಡು ವರ್ಷದ ಬಜೆಟ್ ಹೇಗೆ ಕೂಡಿಸುತ್ತಿದ್ದರೋ.

ಆದರೆ ನನ್ನ ಪಕ್ಕದ ಮೇಜಿನ ಪೋಲೆಂಡ್ ಹುಡುಗಿ ಆ ಕರಪತ್ರ ನಂಬಿ ನೋ ಹಾಕಿದ್ದಳು. ನಿನ್ನೆ ಅವಳು ನನ್ನನ್ನು ಕೇಳಿದಳು: ನನ್ನ ಮತ ಈಗ ಯಾವ ಕಡೆಗೆ ಲೆಕ್ಕ? ಗ್ಲಾಸ್ಗೋ ಅಕ್ಕ, ಅವತ್ತು ನೀವು ಎಲ್ಲ ಕಾರಣವೂ ಒಂದೇ ಕಟ್ಟು ಅಂದಿದ್ದಿರಿ. ಆ ಕಟ್ಟು ಈಗ ಬಿಚ್ಚಿಕೊಳ್ಳುತ್ತಿದೆ.


ಕ್ಲೈಡ್ ದಂಡೆ
25 ಜೂನ್ 2016, ಬೆಳಿಗ್ಗೆ 8:05

ಸರ್, ನಿಮ್ಮ ಊರಿನ ಕೆಲಸಗಳ ಸುದ್ದಿ ಓದಿ ಸಂಕಟವಾಯಿತು. ನೀವು ಹುಷಾರಾಗಿದ್ದೀರಾ?

ಎರಡನೇ ಸಲ ಮತ ಕೇಳುವುದು ಅನ್ಯಾಯ ಅನ್ನುವವರಿಗೆ ನನ್ನದು ಒಂದೇ ಮಾತು. ಬ್ರಿಟನ್ ಒಕ್ಕೂಟದಲ್ಲಿ ಇರುತ್ತದೆ ಅಂತ ನಂಬಿ ಕೊಟ್ಟ ಉತ್ತರ ಅದು. ಆ ಬ್ರಿಟನ್ ಈಗ ಇಲ್ಲ.


ಅಬರ್ಡೀನ್ ಬಂದರು
25 ಜೂನ್ 2016, ಬೆಳಿಗ್ಗೆ 8:40

ಹುಷಾರಾಗಿದ್ದೇನೆ ಅಕ್ಕ, ಕೆಲಸ ಇದೆ ಸದ್ಯಕ್ಕೆ. ಇನ್ನೊಮ್ಮೆ ಕೇಳುವುದರಲ್ಲಿ ನನಗೆ ತಕರಾರಿಲ್ಲ. ಆದರೆ ನೋಟಿನ ಉತ್ತರ ಮೊದಲು ತರಲಿ. ತಂದರೆ ಕೂತು ಓದುತ್ತೇನೆ.


ಡಂಡೀ ಸಂಶೋಧಕ
23 ನವೆಂಬರ್ 2022, ಮಧ್ಯಾಹ್ನ 1:30

ಇವತ್ತು ಲಂಡನ್ನಿನ ಸುಪ್ರೀಂ ಕೋರ್ಟ್ ತೀರ್ಪು ಬಂತು. ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ನಿನ ಸಂಸತ್ತು, ಒಪ್ಪದೆ ಸ್ಕಾಟಿಷ್ ಸಂಸತ್ತು ಜನಮತಗಣನೆ ನಡೆಸುವಂತಿಲ್ಲ. ಐದೂ ನ್ಯಾಯಾಧೀಶರದು ಒಂದೇ ಮಾತು. ಮುಂದಿನ ಅಕ್ಟೋಬರ್ 19ಕ್ಕೆ ಅಂತ ಸ್ಟರ್ಜನ್ ಹೇಳಿದ್ದ ದಿನಾಂಕ ಬಿದ್ದುಹೋಯಿತು.

2012ರಲ್ಲಿ ಕ್ಯಾಮರೂನ್ ಮತ್ತು ಸಾಲ್ಮಂಡ್ ಎಡಿನ್‌ಬರಾದಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ದರಿಂದಲೇ 2014ರ ಮತ ನಡೆದದ್ದು. ಇಬ್ಬರೂ ಒಪ್ಪಿದ್ದರಿಂದಲೇ ಸೋತವರೂ ಫಲಿತಾಂಶ ಒಪ್ಪಿದರು. ಈಗ ಆ ಬಾಗಿಲು ಒಂದೇ ಕಡೆಯಿಂದ ತೆರೆಯಬೇಕು.


ಹೊಸ ಸದಸ್ಯೆ, ಸ್ಟರ್ಲಿಂಗ್
24 ನವೆಂಬರ್ 2022, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ನಾನು ಸೆಪ್ಟೆಂಬರಿನಲ್ಲಿ ಓದಲಿಕ್ಕೆ ಮೈಸೂರಿನಿಂದ ಬಂದವಳು. ವಿದ್ಯಾರ್ಥಿ ವೀಸಾ. ಈ ಎಳೆ ಪೂರ್ತಿ ಓದಿದೆ. ನನಗೂ ಇಲ್ಲಿ ಮತ ಹಾಕಲಿಕ್ಕೆ ಬರುತ್ತದಾ?


ಕ್ಲೈಡ್ ದಂಡೆ
24 ನವೆಂಬರ್ 2022, ರಾತ್ರಿ 8:35

ಬರುತ್ತದಮ್ಮ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವಿದ್ಯಾರ್ಥಿ ವೀಸಾದವರೂ ಹೆಸರು ನೋಂದಾಯಿಸಬಹುದು. ಸರ್ಕಾರದ ವೆಬ್‌ಸೈಟಿನಲ್ಲಿ ಫಾರಂ ಇದೆ, ದುಡ್ಡು ಕೊಡಬೇಕಾಗಿಲ್ಲ. ರಾಷ್ಟ್ರೀಯತೆ ಅನ್ನುವ ಕಡೆ ಭಾರತ ಅಂತಲೇ ತುಂಬು. ಹಾಸ್ಟೆಲ್ ವಿಳಾಸ ಕೊಟ್ಟರೆ ಸಾಕು, ಮನೆ ಬದಲಾಯಿಸಿದರೆ ಮತ್ತೆ ಹೊಸ ವಿಳಾಸದಲ್ಲಿ ನೋಂದಾಯಿಸಬೇಕು. ಇವತ್ತೇ ಮಾಡಿಬಿಡು.